ಹುರುಳಿ ಒಕ್ಕಣೆಯೂ ಮಾವನ ಕಾರಿನ ಕಟಕ್ಕೂ

ನನ್ನ ಸೋದರಮಾವನಷ್ಟು ನಾಚಿಕೆಯಿಲ್ಲದ ಮನುಷ್ಯ ಇಡೀ ನಂಜನಗೂಡು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಇದು ಕೋಪದ ಮಾತಲ್ಲ, ಗೌರವ ಇಟ್ಟುಕೊಂಡೇ ಹೇಳುತ್ತಿದ್ದೇನೆ. ಪಕ್ಕದ ಟಿ. ನರಸೀಪುರ ತಾಲ್ಲೂಕನ್ನೂ ಸೇರಿಸಿಕೊಂಡು ಹುಡುಕಿದರೆ ಒಬ್ಬಿಬ್ಬರು ಸಿಕ್ಕಾರೇನೋ, ಆದರೆ ಅವರ ಹತ್ತಿರ ಕಾರು ಇರಲಿಕ್ಕಿಲ್ಲ. ನಮ್ಮ ಮಾವನ ಹತ್ತಿರ ಕಾರಿದೆ! ಆ ಕಾರಿಗೆ ವಯಸ್ಸಾಗಿದೆ. ಅದರ ಹೊಟ್ಟೆಯ ಕೆಳಗೆ ಎಲ್ಲೋ ಒಂದು ಸದ್ದಿದೆ. ಆ ಸದ್ದು ಎಲ್ಲಿಂದ ಬರುತ್ತದೆ ಎಂದು ಮಾವ ಹುಡುಕುತ್ತಾರೆ, ನಡುರಸ್ತೆಯಲ್ಲಿ, ಹಾಡಹಗಲಲ್ಲಿ, ನನ್ನನ್ನು ಜೊತೆಗಿಟ್ಟುಕೊಂಡು. ಹೀಗಾಗಿ ಅವರು ಪಡಬೇಕಾದ ನಾಚಿಕೆಯನ್ನೂ ನಾನೇ ಪಡುತ್ತಾ ಬಂದಿದ್ದೇನೆ. ಒಬ್ಬಳಿಗೆ ಇದು ಸ್ವಲ್ಪ ಜಾಸ್ತಿಯೇ ಆಯಿತು.

ನಾನು ಟಿ. ನರಸೀಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ. ಇರುವುದು ನಂಜನಗೂಡಿನಲ್ಲಿ, ಮಾವ ಮತ್ತು ಅತ್ತೆಯ ಮನೆಯಲ್ಲಿ. ಅವರಿಗೆ ಮಕ್ಕಳಿಲ್ಲ, ಮಗಳು ಅಂದರೂ ಸೊಸೆ ಅಂದರೂ ನಾನೇ. ಮಾವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಕಾರು ಓಡಿಸಲು ಅವರಿಗೆ ಬಾರದು, ಕಲಿಯುವ ಇರಾದೆಯೂ ಇಲ್ಲ. ಕಾರು ಕೊಂಡದ್ದು ಅವರು, ಲೈಸೆನ್ಸ್ ಮಾಡಿಸಿದ್ದು ನನಗೆ!

"ಡ್ರೈವರ್‌ಗೆ ಏನವ್ವಾ ಕೇಳ್ತದೆ? ಬರೀ ಇಂಜಿನ್ನು," ಅನ್ನುತ್ತಾರೆ ಮಾವ. "ಇಂದ್ಗಡೆ ಆಕ್ಸಲ್ ಮ್ಯಾಲೆ ನಿಂತ್ಕಂಡು ದಿನಾ ಗಾಡಿ ಗೋಳು ಕೇಳ್ದೋನು ಕಂಡಕ್ಟ್ರು. ಗಾಡಿ ಕಾಯಿಲೆ ಕಂಡಕ್ಟ್ರಿಗೇ ಗೊತ್ತಾಗೋದು."

ಈ ಸಿದ್ಧಾಂತದ ಪ್ರಕಾರ ನಾನು ಮುಂದೆ ಕೂತು ಓಡಿಸಬೇಕು. ಮಾವ ಹಿಂದೆ ಸೀಟಿನ ಮೇಲಲ್ಲ, ಕಾಲಿಡುವ ಜಾಗದಲ್ಲಿ ಮಂಡಿಯೂರಿ ಕೂರುತ್ತಾರೆ. ಹಳೇ ಕಾರುಗಳಲ್ಲಿ ನಡುವೆ ಉದ್ದಕ್ಕೂ ಒಂದು ದಿಂಡು ಉಬ್ಬಿಕೊಂಡಿರುತ್ತದೆಯಲ್ಲ, ಅದರ ಕೆಳಗೆ ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳವರೆಗೆ ಹೋಗುವ ಶಾಫ್ಟ್ ತಿರುಗುತ್ತಿರುತ್ತದೆ. ಮಾವ ಆ ದಿಂಡಿನ ಮೇಲೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಬಾಯಲ್ಲಿ ತಮ್ಮ ಹಳೇ ಸೀಟಿ ಕಚ್ಚಿಕೊಂಡಿರುತ್ತಾರೆ. ಒಂದು ಸೀಟಿ ಊದಿದರೆ ನಾನು ನಿಲ್ಲಿಸಬೇಕು, ಎರಡು ಊದಿದರೆ ಹೊರಡಬೇಕು. ಹೊರಗಿನಿಂದ ನೋಡುವವರಿಗೆ ಕಿಟಕಿಯಲ್ಲಿ ಕಾಣುವುದು ಮಾವನ ಬೆನ್ನು ಮಾತ್ರ, ಅದೂ ಬೆನ್ನಿನ ಕೆಳಭಾಗ! ಒಂದು ಸಲ ನಂಜನಗೂಡಿನ ಪೇಟೆಯಲ್ಲಿ ಅವರು ಜೋರಾಗಿ ಸೀಟಿ ಊದಿದಾಗ ನನ್ನ ಮುಂದಿದ್ದ ಸರ್ಕಾರಿ ಬಸ್ಸೇ ಗಕ್ಕನೆ ನಿಂತುಬಿಟ್ಟಿತು. ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಯಾವನ್ಲಾ ಅದು? ನಮ್ ಕಂಡಕ್ಟ್ರು ಇಲ್ಲೇ ಕುಂತವ್ನೆ!" ಎಂದು ಕೂಗಿದ. ನಾನು ಬಗ್ಗಿ ಕಾಲಡಿಯಲ್ಲಿ ಬೀಳದೇ ಇದ್ದ ಪೆನ್ನು ಹುಡುಕತೊಡಗಿದೆ.

ಸದ್ದು ಅಂದರೆ ಎಂಥದ್ದು ಅಂತ ಕೇಳುತ್ತೀರಾ? ಕ್ಲಚ್ ಬಿಟ್ಟಾಗ ಒಂದು "ಕಟಕ್". ವೇಗ ಹಿಡಿದ ಮೇಲೆ "ಗುಂಯ್". ಕಾಲು ತೆಗೆದರೆ ಮತ್ತೆ "ಕಟಕ್, ಕಟಕ್". ಅಷ್ಟೇ. ಹಳೇ ಕಾರು, ಇಷ್ಟೂ ಮಾತಾಡದಿದ್ದರೆ ಹೇಗೆ ಎಂದು ಯಾರಾದರೂ ಸುಮ್ಮನಿದ್ದಾರು. ಆದರೆ ನಮ್ಮ ಮನೆಯಲ್ಲಿ ಸುಮ್ಮನಿರುವ ಹಾಗಿರಲಿಲ್ಲ. ಅದಕ್ಕೆ ಕಾರಣ ಅತ್ತೆ.

ಅತ್ತೆಯ ಅಕ್ಕ ಮೂಗೂರಿನಲ್ಲಿದ್ದಾರೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದಾರೆ. ಅತ್ತೆಗೋ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲಾರರು. ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿ ಎಂದೇ ಮಾವ ಕಾರು ಕೊಂಡದ್ದು. ಮೊದಲ ಪ್ರಯಾಣಕ್ಕೆ ಅತ್ತೆ ರೇಷ್ಮೆ ಸೀರೆ ಉಟ್ಟು, ಅಕ್ಕನಿಗೆ ರಸಬಾಳೆ ಹಣ್ಣು ಕಟ್ಟಿಕೊಂಡು ಹೊರಟರು. ಬಿಳಿಗೆರೆ ದಾಟುವುದರೊಳಗೆ ಮಾವನ ಕಿವಿಗೆ "ಕಟಕ್" ಬಿತ್ತು. ಕಾರು ನಿಲ್ಲಿಸಿದ್ದಾಯಿತು.

"ನೀನು ಎಡ್ಗಡೆ ಕುಂತ್ಕ," ಅಂದರು ಮಾವ. ಅತ್ತೆ ಇಳಿದು ಎಡಕ್ಕೆ ಬಂದು ಕೂತರು. ಸ್ವಲ್ಪ ದೂರ ಹೋದ ಮೇಲೆ "ಈಗ ಬಲ್ಗಡೆ." ಆಮೇಲೆ ಮುಂದೆ. ಆಮೇಲೆ "ಒಂದ್ ಗಳಿಗೆ ಇಳ್ದು ನಿಂತ್ಕ, ನೀನಿಲ್ದೆ ಎಂಗ್ ಬತ್ತದೆ ನೋಡನ." ರಸ್ತೆ ಪಕ್ಕದ ಗದ್ದೆಯಲ್ಲಿ ಕಬ್ಬು ಕಡಿಯುತ್ತಿದ್ದವರು ಕುಡುಗೋಲು ಕೆಳಗಿಟ್ಟು ಬದುವಿನ ಮೇಲೆ ಸಾಲಾಗಿ ಕೂತರು. ಅವರಲ್ಲಿ ಒಬ್ಬ ಹೆಂಗಸು, "ಯಾಕವ್ವಾ, ಗಂಡ್ನ ಕೈಲಿ ಜಗ್ಳ ಆಯ್ತಾ?" ಎಂದು ಕೇಳಿದಳು. ರೇಷ್ಮೆ ಸೀರೆ ಉಟ್ಟುಕೊಂಡು, ರಸಬಾಳೆ ಹಿಡಿದುಕೊಂಡು ರಸ್ತೆಯಲ್ಲಿ ನಿಂತ ಅತ್ತೆ ಏನು ತಾನೇ ಹೇಳಬೇಕು? ಮಂಡಿನೋವಿನ ನಮ್ಮತ್ತೆ ತಿರುಗಿ ಮನೆಯ ಕಡೆ ನಡೆದೇಬಿಟ್ಟರು. ಎಲೆಕೋಸು ತುಂಬಿಕೊಂಡು ನಂಜನಗೂಡಿಗೆ ಹೋಗುತ್ತಿದ್ದ ಲಗೇಜ್ ಆಟೋವೊಂದು ಅವರನ್ನು ಹತ್ತಿಸಿಕೊಂಡಿತು. ನಾವು ಮನೆ ತಲುಪಿದಾಗ ಜಗುಲಿಯ ಮೇಲೆ ಕೂತು ರಸಬಾಳೆ ಸುಲಿದು ತಿನ್ನುತ್ತಿದ್ದರು.

"ಆ ಸದ್ದು ನಿಲ್ಲೋಗಂಟ ನಾನು ಆ ಕಾರು ಅತ್ತಾಕಿಲ್ಲ," ಅಂದರು.

ಬಾಡಿಗೆ ಕಾರು ಮಾಡಿಕೊಂಡು ಹೋಗಬಹುದಿತ್ತಲ್ಲ ಅಂತೀರಿ. ನಾನೂ ಹಾಗೇ ಅಂದೆ. ಅತ್ತೆ ನನ್ನನ್ನು ಬುದ್ಧಿಯಿಲ್ಲದವಳ ಹಾಗೆ ನೋಡಿದರು. "ಮನೆ ಮುಂದೆ ಕಾರ್ ನಿಲ್ಲಿಸ್ಕಂಡು ಬಾಡ್ಗೆ ಗಾಡೀಲಿ ಓದ್ರೆ ನೋಡ್ದೋರು ಏನಂದಾರು? ನಿಮ್ ಮಾವನ ಮರ್ವಾದೆ ಏನಾಯ್ತದೆ?" ನೋಡಿ, ಮಾವನಿಗೇ ಇಲ್ಲದ ಚಿಂತೆ! ದಿನಾ ಬೆಳಿಗ್ಗೆ ಮೂಗೂರಿನಿಂದ ಫೋನು ಬರುತ್ತಿತ್ತು. "ಯಾವಾಗ ಬತ್ತೀಯೆ?" ಎಂದು ಅಕ್ಕ ಕೇಳುತ್ತಿದ್ದರು. "ಗಾಡಿ ರಿಪೇರೀಲಿ ಅದೆ ಕಣಕ್ಕಾ," ಎಂದು ಅತ್ತೆ ಹೇಳುತ್ತಿದ್ದರು. ಫೋನಿಟ್ಟ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಅಡುಗೆಮನೆಗೆ ಹೋಗುತ್ತಿದ್ದರು. ಮಾವ ಅದನ್ನು ನೋಡಿಯೂ ನೋಡದ ಹಾಗೆ ಚಪ್ಪಲಿ ಮೆಟ್ಟಿ ಕಾರಿನ ಕಡೆ ಹೊರಡುತ್ತಿದ್ದರು. ಹಿಂದೆಯೇ ನಾನು!

ಮೆಕ್ಯಾನಿಕ್‌ಗಳಿಗೆ ತೋರಿಸಲಿಲ್ಲವೇ? ನಂಜನಗೂಡಿನಲ್ಲಿ ಒಬ್ಬ ಗೇರ್ ಬಾಕ್ಸ್ ಅಂದ. ಟಿ. ನರಸೀಪುರದಲ್ಲಿ ಒಬ್ಬ ಶಾಫ್ಟಿನ ಕೀಲಿನಲ್ಲಿರುವ ಕ್ರಾಸ್ ಅಂದ. ಮೈಸೂರಿನವನು ಎರಡೂ ಅಲ್ಲ, ಬೇರಿಂಗ್ ಅಂದ. ಗೇರ್ ಬಾಕ್ಸ್ ಬಿಚ್ಚಿ ಕಟ್ಟಿದ್ದಾಯಿತು, ಕ್ರಾಸ್ ಹೊಸದು ಹಾಕಿದ್ದಾಯಿತು, ಬೇರಿಂಗೂ ಬದಲಾಯಿತು. ಪ್ರತಿ ಸಲವೂ ಕಾರು ಹೊಸ ಉತ್ಸಾಹದಿಂದ "ಕಟಕ್" ಅಂದಿತು. ಕೊನೆಗೆ ಮೈಸೂರಿನವನು ಕೈ ಮುಗಿದು, "ಸಾ, ಸದ್ದು ಬುಟ್ಟು ಮಿಕ್ಕಿದ್ದೆಲ್ಲಾ ಬದ್ಲಾಯ್ಸಿವ್ನಿ, ಇನ್ನು ನಂಗೊತ್ತಿಲ್ಲ," ಅಂದ.

ಅಲ್ಲಿಂದ ಮಾವ ಸ್ವಂತ ಸಂಶೋಧನೆಗೆ ಇಳಿದರು. ಭಾರ ಎಲ್ಲಿ ಬಿದ್ದರೆ ಸದ್ದು ಹೆಚ್ಚುತ್ತದೆ ಅಂತ ತಿಳಿಯಬೇಕಿತ್ತು. ಭಾರ ಅಂದರೆ ಮನುಷ್ಯರು. ದಿನಾ ಕಾರಿನಲ್ಲೇ ನನ್ನ ಜೊತೆ ಶಾಲೆಯವರೆಗೆ ಬಂದು ಬಸ್ಸಿನಲ್ಲಿ ಹಿಂದಿರುಗುತ್ತಿದ್ದ ಮಾವ, ದಾರಿಯಲ್ಲಿ ಬಸ್ಸಿಗೆ ಕಾದು ನಿಂತವರನ್ನೆಲ್ಲ ಕರೆದು ಕೂರಿಸಿಕೊಳ್ಳತೊಡಗಿದರು. "ಬನ್ನಿ ಬನ್ನಿ, ಒಳೀಕ್ ನಡೀರಿ, ಇಂದ್ಗಡೆ ಜಾಗ ಅದೆ!" ಹಿಂದುಗಡೆ ಜಾಗವೆಲ್ಲಿಂದ ಬರಬೇಕು, ಅದೇನು ಬಸ್ಸೇ? ಒಂದು ದಿನ ಹೀಗೆ ಹತ್ತಿದವರು ಸೋಸಲೆಯ ಒಬ್ಬ ಹೆಂಗಸು, ನಮ್ಮ ಶಾಲೆಯ ದೈಹಿಕ ಶಿಕ್ಷಕರ ಶ್ರೀಮತಿ. ಮೈಕೈ ತುಂಬಿಕೊಂಡವರು. ಕಾರು "ಕಟಕ್" ಅನ್ನದೆ ಒಂದು ಮೈಲಿ ಹೋಯಿತು. ಮಾವ ಪರಮಾನಂದದಿಂದ ತಲೆಯೆತ್ತಿ, "ತಾಯಿ, ನೀವು ಎಷ್ಟು ತೂಕ ಇದ್ದೀರಿ?" ಎಂದು ಕೇಳಿದರು. ಆಕೆ ಸೆರಗು ಎಳೆದುಕೊಂಡು ಕಿಟಕಿಯ ಕಡೆ ತಿರುಗಿದರು. ಮಾವ ಬಿಡಬೇಕಲ್ಲ! "ಬ್ಯಾಸ್ರ ಮಾಡ್ಕಬ್ಯಾಡಿ ಕಣ್ರವ್ವ, ನಿಮ್ಮಷ್ಟೇ ತೂಕದ್ದು ಎರಡ್ ಮೂಟೆ ಉಪ್ಪು ಇಡಾನ ಅಂತ!" ಮಾರನೆಯ ದಿನದಿಂದ ದೈಹಿಕ ಶಿಕ್ಷಕರು ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಬಿಟ್ಟು ಕಿಟಕಿಯ ಹತ್ತಿರ ಕೂರತೊಡಗಿದರು. ಮೂಟೆ ಇಟ್ಟೂ ನೋಡಿದೆವು, ಸದ್ದು ಬಂತು.

ಇನ್ನು ನೆಂಟರೊಬ್ಬರ ಮನೆಯ ಬೀಗರೂಟದ ಕತೆ ಹೇಳದಿರುವುದೇ ಒಳ್ಳೆಯದು, ಆದರೂ ಹೇಳುತ್ತೇನೆ. ಪಂಕ್ತಿಯಲ್ಲಿ ಮಾವನ ಎದುರು ಕೂತವರೊಬ್ಬರು ಬಾಯಿ ತಪ್ಪಿ, "ಕಾರು ಎಂಗದೆ?" ಎಂದು ಕೇಳಿದರು. ಮಾವ ತುತ್ತು ನುಂಗಿ, ಎಡಗೈಯಲ್ಲಿ ಗೇರ್ ಹಾಕಿ, ಬಾಯಲ್ಲಿ ಇಡೀ ಕಾರನ್ನು ಹೊರಡಿಸಿದರು. "ಗುರ್‌ರ್... ಕಟಕ್! ಗುಂಯ್... ಕಟಕ್, ಕಟಕ್!" ಬಡಿಸುವವರು ನಿಂತರು. ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ಕೂತಿತು. ಅವರು ಮೂರನೇ ಗೇರಿಗೆ ಬರುವ ಹೊತ್ತಿಗೆ ನಾನು ಊಟ ಬಿಟ್ಟು ಕೈ ತೊಳೆಯಲು ಎದ್ದಿದ್ದೆ.

ಹುರುಳಿ ಕಾಲ ಬಂತು, ನಮ್ಮವರ ಬಾಯಲ್ಲಿ ಅದು ಉಳ್ಳಿ. ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಒಣಗಿದ ಬಳ್ಳಿಯನ್ನು ಟಾರು ರಸ್ತೆಯ ಮೇಲೆ ಹರಡುತ್ತಾರೆ. ಬಸ್ಸು, ಲಾರಿ, ಕಾರುಗಳು ಅದರ ಮೇಲೆ ಹಾದು ಕಾಳು ಉದುರಿಸುತ್ತವೆ, ಒಕ್ಕಣೆ ಪುಕ್ಕಟೆ. ಕಾರಿನವರು ಸಾಮಾನ್ಯವಾಗಿ ಬೈದುಕೊಂಡು ಪಕ್ಕದಲ್ಲಿ ನುಸುಳಿ ಹೋಗುತ್ತಾರೆ, ಬಳ್ಳಿ ಅಡಿಯಲ್ಲಿ ಸುತ್ತಿಕೊಳ್ಳುತ್ತದೆ ಎಂಬ ಭಯ. ನಾನೂ ನುಸುಳಲು ನೋಡಿದೆ. ಹಿಂದಿನಿಂದ ಸೀಟಿ!

"ಮ್ಯಾಲೇ ಓಗವ್ವಾ, ಮ್ಯಾಲೇ ಓಗು! ಮೆತ್ಗೆ ಅದೆ. ಟೈರ್ ಸದ್ದು ಒಂದೂ ಇಲ್ಲ. ಈಗ ಆಕ್ಸಲ್ ಮಾತಾಡೋದು ಅಂಗೇ ಕೇಳ್ತದೆ!"

ಯೋಚಿಸಿ ನೋಡಿದರೆ ತರ್ಕ ಸರಿಯಾಗಿಯೇ ಇತ್ತು, ಅದೇ ನನ್ನ ದುರದೃಷ್ಟ. ಅಂದಿನಿಂದ ಹುರುಳಿ ಹರಡಿದ ಕಡೆಯಲ್ಲೆಲ್ಲ ನಮ್ಮ ಕಾರು ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ. ಬಿಳಿಗೆರೆ ಕಡೆಯ ರೈತರು ಮೊದಲು ಬೆಕ್ಕಸಬೆರಗಾದರು, ಆಮೇಲೆ ಅಭ್ಯಾಸ ಮಾಡಿಕೊಂಡರು, ಕೊನೆಗೆ ಮಾವನ ಫೋನ್ ನಂಬರ್ ಇಸಕೊಂಡರು. "ಸಾ, ನಾಳೆ ಬೆಳಿಗ್ಗೆ ನಮ್ದು ಉಳ್ಳಿ ಆಕಿರ್ತೀವಿ, ವಸಿ ಬಂದ್ಬುಡಿ." ಮಾವ ಡಾಕ್ಟರ ಗತ್ತಿನಲ್ಲಿ ಟೈಮು ಕೊಡುತ್ತಿದ್ದರು. ಎಂ.ಎಸ್ಸಿ., ಬಿ.ಎಡ್. ಮಾಡಿದ ನಾನು ಹುರುಳಿ ಒಕ್ಕುತ್ತಿದ್ದೆ. ನನ್ನ ತರಗತಿಯ ಹುಡುಗಿಯೊಬ್ಬಳ ತಂದೆ ಕವೆಗೋಲಿನಿಂದ ಬಳ್ಳಿ ತಿರುವುತ್ತಾ, "ಮೇಡಂ, ಆ ಅಂಚ್ಗೆ ಇನ್ನೊಂದ್ ಸುತ್ತು ಒಡೀರಿ," ಅಂದಾಗ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ಇನ್ನೊಂದು ಸುತ್ತು ಹೊಡೆದೆ.

ಹೀಗೆ ಒಂದು ಶನಿವಾರ ಬೆಳಿಗ್ಗೆ, ಯಾರದೋ ಹುರುಳಿಯ ಮೇಲೆ ಓಡಾಡಿ ಬರೀ ಟಾರಿಗೆ ಇಳಿದೆವು. ಕ್ಲಚ್ ಬಿಟ್ಟೆ. ಸದ್ದಿಲ್ಲ. ವೇಗ ಹಿಡಿದೆ. ಸದ್ದಿಲ್ಲ! ಕಾಲು ತೆಗೆದೆ. ಹಿಂದಿನಿಂದ ಸೀಟಿ ಕೂಡ ಇಲ್ಲ. ತಿರುಗಿ ನೋಡಿದರೆ ಮಾವ ದಿಂಡಿನ ಮೇಲೆ ಕೆನ್ನೆಯಿಟ್ಟು ಅಳುತ್ತಿದ್ದರು.

ಇಳಿದು ಅಡಿಯಲ್ಲಿ ನೋಡಿದಾಗ ಗೊತ್ತಾಯಿತು. ಹುರುಳಿ ಬಳ್ಳಿ ಶಾಫ್ಟಿಗೆ ಉದ್ದಕ್ಕೂ ಸುತ್ತಿಕೊಂಡು ದಪ್ಪ ದಿಂಬಾಗಿತ್ತು. ಕಟಕ್ ಎಲ್ಲಿದ್ದರೂ ಅದರೊಳಗೆ ಉಸಿರುಕಟ್ಟಿತ್ತು. "ತೆಗೆಸಿಬಿಡೋಣ ಮಾವ," ಅಂದೆ. "ಮುಟ್ಬ್ಯಾಡ!" ಎಂದು ಕಿರುಚಿದರು. "ಮೂರ್ ಊರ್ ಮೆಕ್ಯಾನಿಕ್ ಕೈಲಿ ಆಗ್ದೇ ಇದ್ದುದ್ದ ಉಳ್ಳಿ ಮಾಡದೆ. ಮೊದ್ಲು ನಿಮ್ಮತ್ತೇನ ಮೂಗೂರ್ಗೆ ಬುಟ್ಟು ಬರಾನ." ವಿಜ್ಞಾನದ ಮೇಡಂ ಆಗಿ ನಾನು ಅಲ್ಲೇ ಹಟ ಹಿಡಿಯಬೇಕಿತ್ತು. ಆದರೆ ಅಷ್ಟು ಖುಷಿಯಾಗಿದ್ದ ಅವರ ಮುಖ ನೋಡಿಕೊಂಡು ಹೇಗೆ ಹಟ ಹಿಡಿಯುವುದು? ಶನಿವಾರ ಬೆಳಗಿನ ಶಾಲೆ ಬೇರೆ. ಹೆಡ್‌ಮಾಸ್ಟರಿಗೆ ಫೋನ್ ಮಾಡಿ ಜ್ವರ ಅಂದೆ.

ಅತ್ತೆ ನಂಬಲಿಲ್ಲ. ಮನೆಯ ಮುಂದೆ ಮಾವ ನನ್ನಿಂದ ಕಾರನ್ನು ಹಿಂದೆ ಮುಂದೆ ಓಡಿಸಿ ಕೇಳಿಸಿದ ಮೇಲೆ ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದರು. ಕೈಯಲ್ಲಿ ಅಕ್ಕನಿಗೆಂದು ಒಂದು ಡಬ್ಬಿ ಎಳ್ಳಿನ ಚಿಗಳಿ ಉಂಡೆ. ಕಾರಿನಲ್ಲಿ ಕೂತವರೇ ಅಕ್ಕನಿಗೆ ಫೋನ್ ಮಾಡಿದರು. "ಒಂಟಿವ್ನಿ ಕಣಕ್ಕಾ. ಊಟ ಮಾಡ್ಬ್ಯಾಡ, ನಾನೇ ಬಂದು ಉಣ್ಣುಸ್ತೀನಿ." ಮಾವ ಮೊದಲ ಬಾರಿಗೆ ಹಿಂದಿನ ಸೀಟಿನ ಮೇಲೆ ಮನುಷ್ಯರ ಹಾಗೆ ಕೂತರು, ಅತ್ತೆಯ ಪಕ್ಕದಲ್ಲಿ.

ಬಿಳಿಗೆರೆ ದಾಟಿತು. ಕಾರು ಮಾತಾಡಲಿಲ್ಲ. ಟಿ. ನರಸೀಪುರ ಇನ್ನೂ ಸ್ವಲ್ಪ ದೂರವಿದೆ ಅನ್ನುವಾಗ ಒಂದು ವಾಸನೆ ಬಂತು.

"ಆಹಾ! ಯಾರೋ ಉಳ್ಳಿ ಉರೀತಾವ್ರೆ," ಅಂದರು ಮಾವ.

ಮುಂದಿನ ಊರಿನಲ್ಲೂ ಅದೇ ವಾಸನೆ. ಅದರ ಮುಂದಿನ ಊರಿನಲ್ಲೂ.

"ಎಲ್ಲಾ ಊರಲ್ಲೂ ಇವತ್ತೇ ಉರೀತಾವ್ರಾ?" ಎಂದು ಅತ್ತೆ ಕೇಳಿದರು.

ಟಿ. ನರಸೀಪುರ ಬಂತು. ಕಾರಿನಡಿಯಿಂದ ಹೊಗೆ ಕಂಡದ್ದು ಒಂದು ರಸ್ತೆ ಉಬ್ಬಿನ ಮೇಲೆ. ಆ ಉಬ್ಬು ಇದ್ದದ್ದು ನಮ್ಮ ಶಾಲೆಯ ಗೇಟಿನ ಮುಂದೆ. ಶಾಲೆ ಬಿಟ್ಟದ್ದೂ ಆಗಲೇ! ನಾನು ಕಾರು ನಿಲ್ಲಿಸಿ ಇಳಿಯುವಷ್ಟರಲ್ಲಿ ಇಡೀ ಪ್ರೌಢಶಾಲೆ ಸುತ್ತ ನಿಂತಿತ್ತು. ಮಕ್ಕಳು ನೀರಿನ ಬಾಟಲಿ ತಂದು ಸುರಿದರು. ಟೆಂಪೋದವನೊಬ್ಬ ಅಡಿಗೆ ತೂರಿ, ಕೊಕ್ಕೆ ಹಾಕಿ, ಕಪ್ಪಾದ ಹುರುಳಿ ಬಳ್ಳಿಯನ್ನು ಮೊರಗಟ್ಟಲೆ ಎಳೆದು ಹಾಕಿದ. "ಕಾರಲ್ಲಿ ಒಕ್ಕಣೆ ಮಾಡೋರ್ನ ನೋಡಿವ್ನಿ ಸಾ, ಕಾರೊಳ್ಗೇ ಬಣವೆ ಒಟ್ಟೋರ್ನ ಇವತ್ತೇ ನೋಡಿದ್ದು," ಅಂದ. ಹತ್ತನೇ ತರಗತಿಯ ಒಬ್ಬಳು, "ಮೇಡಂ, ಘರ್ಷಣೆಯಿಂದ ಶಾಖ ಹುಟ್ಟುತ್ತದೆ!" ಎಂದು ನಾನು ಹೇಳಿಕೊಟ್ಟದ್ದನ್ನು ನನಗೇ ಒಪ್ಪಿಸಿದಳು. ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಹೆಡ್‌ಮಾಸ್ಟರು ಬಂದರು. ಕಾರು ನೋಡಿದರು, ಬಳ್ಳಿ ನೋಡಿದರು, ನನ್ನನ್ನು ನೋಡಿದರು.

"ಜ್ವರ ಹೇಗಿದೆ ಮೇಡಂ?"

ನನ್ನ ಕಿವಿಯಿಂದಲೂ ಹೊಗೆ ಬರುತ್ತಿತ್ತೇನೋ.

"ಏನೂ ಆಗಿಲ್ಲ, ಓಡ್ತದೆ," ಎಂದು ಟೆಂಪೋದವನು ಕಾರನ್ನು ಸ್ವಲ್ಪ ಮುಂದಕ್ಕೆ ದಬ್ಬಿದ. ಕಾರು "ಕಟಕ್" ಅಂದಿತು. ಮಕ್ಕಳೆಲ್ಲ ಹೋ ಎಂದು ನಕ್ಕರು.

ಮಾವ ನಗಲಿಲ್ಲ. ಸದ್ದಿನ ದಿಕ್ಕಿಗೆ ಕಿವಿಯನ್ನೂ ತಿರುಗಿಸಲಿಲ್ಲ. ಮಸಿಯಾದ ಕೈಯನ್ನು ಪಂಚೆಗೆ ಒರೆಸಿಕೊಂಡು ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ, "ಅವ್ಳ್ನ ಒಂದ್ ಆಟೋ ಮಾಡಿ ಮೂಗೂರ್ಗೆ ಕಳ್ಸಿಬುಡು ಮಗ. ನಾನು ಬಸ್ಸಲ್ಲಿ ಮನೀಗ್ ಓಯ್ತೀನಿ," ಅಂದರು. ಆಮೇಲೆ ಹೋಗಿ ಶಾಲೆಯ ಕಾಂಪೌಂಡಿನ ಪಕ್ಕ ತಲೆ ತಗ್ಗಿಸಿ ನಿಂತುಕೊಂಡರು. ಈ ಮನುಷ್ಯನಿಗೆ ಒಂದಿಷ್ಟು ನಾಚಿಕೆ ಕೊಡಪ್ಪ ಎಂದು ನಾನು ದೇವರಲ್ಲಿ ಎಷ್ಟು ಸಲ ಬೇಡಿಕೊಂಡಿದ್ದೆನೋ. ಕೊಟ್ಟುಬಿಟ್ಟಿದ್ದ. ನನಗೆ ಅದನ್ನು ನೋಡಲಾಗಲಿಲ್ಲ. ಅಷ್ಟು ದಿನ ನಾನು ಪಟ್ಟ ನಾಚಿಕೆಯನ್ನೆಲ್ಲ ಒಟ್ಟು ಮಾಡಿದರೂ ಅವರು ಅಲ್ಲಿ ನಿಂತ ಆ ಗಳಿಗೆಯಷ್ಟು ನನಗೆ ಸಂಕಟವಾಗಿರಲಿಲ್ಲ.

ಅತ್ತೆ ಕಾರಿನಿಂದ ಇಳಿದಿರಲಿಲ್ಲ. ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೇ ಇದ್ದರು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇಲ್ನೋಡಿ," ಅಂದರು. ಮಾವ ನೋಡಲಿಲ್ಲ. "ಏನ್ರೀ, ನಿಮ್ಗೇ ಏಳ್ತಿರೋದು." ಮಕ್ಕಳ ಗಲಾಟೆಯಲ್ಲಿ ಅದು ಅವರ ತನಕ ಹೋಗಲಿಲ್ಲ.

ಆಗ ಅತ್ತೆ ಮಾವನ ಹೆಸರು ಹಿಡಿದು ಕೂಗಿದರು.

ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರೇನು ಎಂದು ಕೇಳಿದರೆ ನನ್ನನ್ನು ಮುಂದೆ ದಬ್ಬಿ ಹೇಳಿಸುವವರು ನಮ್ಮತ್ತೆ. ಮದುವೆಯ ದಿನ ಹೊಸ್ತಿಲಲ್ಲಿ ತಡೆದು ಹೇಳಿಸಿದಾಗ ಒಮ್ಮೆ ಹೇಳಿದ್ದರಂತೆ, ಅದೂ ಸೆರಗಿನೊಳಗೆ. ಆ ಹೆಸರನ್ನು ಈಗ ಹೆಡ್‌ಮಾಸ್ಟರು, ಮಕ್ಕಳು, ಟೆಂಪೋದವನು, ರಸ್ತೆಯಲ್ಲಿ ಹೋಗುವವರು ಎಲ್ಲರಿಗೂ ಕೇಳುವ ಹಾಗೆ ಕೂಗಿದರು. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರವರ ನಡುವಿನದು. ಮಾವ ತಲೆಯೆತ್ತಿದರು. ಯಾರು ಕರೆದದ್ದು ಎಂದು ಅವರಿಗೆ ತಕ್ಷಣ ಗೊತ್ತಾಗಲಿಲ್ಲ, ಆ ದನಿಯಲ್ಲಿ ಆ ಹೆಸರನ್ನು ಅವರು ಕೇಳಿದ್ದರೆ ತಾನೇ?

"ಬಂದು ಕುಂತ್ಕಳಿ," ಅಂದರು ಅತ್ತೆ. "ನಮ್ಮಕ್ಕ ಉಣ್ದೆ ಕಾಯ್ತಾವ್ಳೆ."

ಮಾವ ಬಂದು ಕೂತರು. ಅತ್ತೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ನಾನು ಗೇರ್ ಹಾಕಿ ಕ್ಲಚ್ ಬಿಟ್ಟೆ. ಮೂಗೂರು ಬರುವವರೆಗೂ ಕಾರು ಕಟಕ್ ಕಟಕ್ ಎನ್ನುತ್ತಲೇ ಇತ್ತು. ಮಾವ ಒಂದು ಸಲವೂ ನಿಲ್ಲಿಸು ಅನ್ನಲಿಲ್ಲ.